ಗೆಳತಿಯ ಕಾಗದ: ಭಾಗ ಮೂರು

ಮುಳಬಾಗಿಲು
8 ಜುಲೈ 2024

ಪ್ರಿಯ ರಂಜಿತ,

ಕಾಗದ ನೋಡಿ ಯಾರೋ ಹೋಗಿಬಿಟ್ಟರು ಎಂದು ಗಾಬರಿಯಾಗಬೇಡ. ಎಲ್ಲರೂ ಇದ್ದಾರೆ. ಹೋಗಿರುವುದು ನನ್ನ ಫೋನು ಮಾತ್ರ, ಅದೂ ಅಪ್ಪನ ಬೀರುವಿನವರೆಗೆ. ಸರ್ಕಾರಿ ಕೆಲಸದ ಪರೀಕ್ಷೆ ಮುಗಿಯುವ ತನಕ ಮುಟ್ಟುವುದಿಲ್ಲ ಎಂದು ನಾನೇ ಮಾತು ಕೊಟ್ಟೆ. ಎರಡನೇ ದಿನಕ್ಕೇ ಹೆಬ್ಬೆರಳು ಸುಮ್ಮಸುಮ್ಮನೆ ಗಾಳಿಯಲ್ಲಿ ಮೇಲಕ್ಕೆ ಆಡುತ್ತಿತ್ತು. ಗುಂಡಜ್ಜಿ ನೋಡಿ, ವಾಯು ಎಂದು ಎಣ್ಣೆ ತಿಕ್ಕಿದರು.

ಮನೆಗೆಲ್ಲ ಸೇರಿ ಒಂದು ಬಟನ್ ಫೋನಿದೆ. ಅದರ ಜಾಗ ನಡುಮನೆ. ಅದರಲ್ಲಿ ನಾನು ಮಾತಾಡಿದರೆ ಅರ್ಧ ಉತ್ತರ ಅಜ್ಜಿಯೇ ಕೊಡುತ್ತಾರೆ. ಅದಕ್ಕೇ ಈ ಕಾಗದ.

ಈಗ ಆಷಾಢ. ಮದುವೆಗಳಿಲ್ಲ, ಹಾಗಾಗಿ ನನಗೂ ಕೆಲಸವಿಲ್ಲ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಅವರು ಮಾಡಿಸುವ ಮದುವೆಗಳ ಲಗ್ನಪತ್ರಿಕೆಯನ್ನೆಲ್ಲ ನಾನೇ ಬರೆಯುವುದು ನಿನಗೆ ಗೊತ್ತಲ್ಲ. ಅಚ್ಚು ಹಾಕಿಸಿದ ಕಾರ್ಡು ಎಷ್ಟೇ ಇರಲಿ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಹಿರಿಯರ ಮುಂದೆ ಓದುವುದು ಕೈಯಲ್ಲಿ ಬರೆದದ್ದನ್ನೇ. ಆರು ವರ್ಷದಲ್ಲಿ ಮುಳಬಾಗಿಲಿನ ಅರ್ಧ ಊರಿನ ದೇವರ ಮನೆಗೆ ನನ್ನ ಅಕ್ಷರ ಹೋಗಿ ಸೇರಿದೆ. ಇಷ್ಟು ಜನರ ಮದುವೆ ಬರೆದ ಕೈಗೆ ಸುಮ್ಮನಿದ್ದು ಅಭ್ಯಾಸವಿಲ್ಲ. ಆ ಕಿರಿಕಿರಿಯನ್ನು ನಿನ್ನ ಮೇಲೆ ತೀರಿಸಿಕೊಳ್ಳುತ್ತಿದ್ದೇನೆ.

ನಿನ್ನ ರೇಷ್ಮೆ ಹುಳುಗಳು ಹೇಗಿವೆ? ಇನ್ನೂ ವಿಡಿಯೋ ಹಾಕುತ್ತಿದ್ದೀಯಾ? ನಿನಗೆ ಈಗ ಒಬ್ಬ ವೀಕ್ಷಕಿ ಕಡಿಮೆ.

ವಾಣಿ

*

ಹೋಳೂರು
19 ಜುಲೈ 2024

ವಾಣಿ,

ಪೋಸ್ಟ್‌ಮನ್ ಸೊಣ್ಣಪ್ಪ ನಿನ್ನ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಬ್ಯಾಂಕಿಂದೂ ಅಲ್ಲ, ಕೋರ್ಟಿಂದೂ ಅಲ್ಲ, ಏನಮ್ಮ ಇದು?" ಅಂದ. ಮದುವೆಯಾಗಿ ಈ ಊರಿಗೆ ಬಂದ ನಾಲ್ಕು ವರ್ಷದಲ್ಲಿ ನನ್ನ ಹೆಸರಿಗೆ ಕೈಯಲ್ಲಿ ಬರೆದದ್ದು ಬಂದಿರುವುದು ಇದೇ ಮೊದಲು. ಕೋಲಾರದ ಹಾಸ್ಟೆಲಿನಲ್ಲಿ ಮೂರು ವರ್ಷ ಪಕ್ಕದ ಮಂಚದಲ್ಲಿ ಮಲಗಿದ್ದರೂ ನೀನು ಇಷ್ಟು ತಮಾಷೆಯವಳೆಂದು ತಿಳಿದಿರಲಿಲ್ಲ ಕಣೇ. ಎಣ್ಣೆ ತಿಕ್ಕಿದ್ದು ಓದಿ ನಕ್ಕು ನಕ್ಕು ಸಾಕಾಯಿತು.

ಒಂದು ಖುಷಿ ವಿಷಯ. ಎರಡು ವರ್ಷದಿಂದ ಹುಳು, ಸೊಪ್ಪು, ಗೂಡು ಎಂದು ವಿಡಿಯೋ ಹಾಕಿದರೂ ಆರುನೂರು ಜನ ದಾಟುತ್ತಿರಲಿಲ್ಲ. ಮೊನ್ನೆ ಹಾಕಿದ ಒಂದನ್ನು ನಲವತ್ತು ಸಾವಿರ ಜನ ನೋಡಿದ್ದಾರೆ! ಹುಳುವಿನದ್ದಲ್ಲ, ಬೇರೆ. ನಿನಗೆ ಫೋನು ಸಿಕ್ಕ ಮೇಲೆ ತೋರಿಸುತ್ತೇನೆ. ನಮ್ಮ ಮನೆಯವರಿಗೆ ನರಸಾಪುರದ ಕಂಪನಿ ಬಸ್ಸಿನಲ್ಲಿ ಪಕ್ಕದವನು, "ಶಿವಶಂಕರ್, ಇದು ನಿಮ್ ಮಿಸ್ಸೆಸ್ ಅಲ್ವೇನ್ರೀ?" ಅಂದನಂತೆ. ಮನೆಗೆ ಬಂದು ಎರಡು ಸಲ ನನ್ನ ಮುಖ ನೋಡಿದರು. ನಾಲ್ಕು ವರ್ಷದಲ್ಲಿ ಅದೂ ಮೊದಲು.

ಇನ್ನು ಮುಂದೆ ಗೆರೆ ಇಲ್ಲದ ಬಿಳಿ ಹಾಳೆಯಲ್ಲಿ ಬರೆ. ಒಂದೇ ಮಗ್ಗುಲಿಗೆ. ನೀಲಿ ಶಾಯಿಯಾದರೆ ಇನ್ನೂ ಚೆನ್ನ. ಇಟ್ಟುಕೊಳ್ಳುವುದಕ್ಕೆ ಕೇಳಿದೆ.

ರಂಜಿತ

*

ಮುಳಬಾಗಿಲು
27 ಜುಲೈ 2024

ಪ್ರಿಯ ರಂಜಿತ,

ನೋಡು, ಬಿಳಿ ಹಾಳೆ, ನೀಲಿ ಶಾಯಿ, ಒಂದೇ ಮಗ್ಗುಲು. ನನ್ನ ಕಾಗದವನ್ನು ಎತ್ತಿಟ್ಟುಕೊಳ್ಳುವಷ್ಟು ಪ್ರೀತಿ ನಿನಗಿದೆ ಎಂದು ತಿಳಿದು ಮನಸ್ಸಿಗೆ ಹಿತವಾಯಿತು. ಹಾಸ್ಟೆಲಿನಲ್ಲಿ ನನ್ನ ನೋಟ್ಸು ಕಳೆದುಹಾಕಿದವಳು ನೀನೇ ತಾನೆ?

ಆಷಾಢದಲ್ಲಿ ಮದುವೆ ಮಾಡುವಂತಿಲ್ಲ, ಹೆಣ್ಣು ನೋಡಲು ಅಡ್ಡಿಯಿಲ್ಲವಂತೆ. ಭಾನುವಾರ ಒಬ್ಬರು ಬಂದಿದ್ದರು. ಹುಡುಗನ ಹೆಸರು ವಂಶಿಕೃಷ್ಣ, ಕೋಲಾರದ ಆಡಿಟರ್ ಆಫೀಸಿನಲ್ಲಿ ಕೆಲಸ. ಅವನ ತಾಯಿ ನನ್ನನ್ನು ಹಾಡು ಬರುತ್ತಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, "ಬರುತ್ತೆ, ಆದರೆ ನೀವು ಊಟ ಮುಗಿಸಿಬಿಡಿ, ಆಮೇಲೆ ಸೇರಲ್ಲ" ಅಂದರು. ಹುಡುಗ ನೀರು ಕುಡಿಯುತ್ತಿದ್ದ, ನೆತ್ತಿಗೆ ಹತ್ತಿತು. ಅವನ ಬೆನ್ನಿಗೆ ಗುದ್ದಿದ್ದೂ ಅಜ್ಜಿಯೇ. ಅಷ್ಟಾದರೂ ಒಪ್ಪಿದ್ದಾರೆ.

ಹುಡುಗ ಹೇಗೆ ಎಂದು ನೀನು ಕೇಳುತ್ತೀಯ. ತಪ್ಪು ಹುಡುಕುವ ಹಾಗಿಲ್ಲ. ಅದೇ ಕಷ್ಟ.

ವಾಣಿ

*

ಹೋಳೂರು
6 ಆಗಸ್ಟ್ 2024

ವಾಣಿ,

ಅಜ್ಜಿಯ ಮಾತಿಗೆ ಎಷ್ಟು ಜನ ನಕ್ಕಿದ್ದಾರೆ ಗೊತ್ತಾ! ಅಂದರೆ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮತ್ತೆ ಗಂಗರತ್ನಮ್ಮನವರಂತೂ ಸೊಪ್ಪು ಹೆಚ್ಚುವುದನ್ನು ಬಿಟ್ಟು ನಕ್ಕರು.

ಆದರೆ ತಮಾಷೆ ಸಾಕು ಕಣೇ. ಒಳಗಿನದು ಬರೆ. ಮದುವೆ ಅಂದರೆ ನಿನಗೆ ಏನನಿಸುತ್ತೆ, ಭಯವಾ, ಏನು ಆಸೆ, ಅಂಥದ್ದು. ನಿನ್ನ ಕೈಯಲ್ಲಿ ಅದು ಚೆನ್ನಾಗಿ ಬರುತ್ತೆ. ಇಷ್ಟು ದಿನ ಬಿಟ್ಟು ಬರೆಯಬೇಡ. ಜಾಸ್ತಿ ದಿನ ಬಿಟ್ಟರೆ ಮರೆತುಬಿಡ್ತಾರೆ.

ಹೊಸ ಹುಳು ಬಂದಿವೆ, ಎದ್ದಾಗಿನಿಂದ ಮಲಗುವವರೆಗೂ ಸೊಪ್ಪು. ನನಗೇನೂ ಕಡಿಮೆಯಿಲ್ಲ, ಚೆನ್ನಾಗಿದ್ದೇನೆ. ಹೋಳೂರಿನ ಬಸ್‌ಸ್ಟಾಪಿನಲ್ಲಿ ಇಬ್ಬರು ಹುಡುಗಿಯರು ನನ್ನ ಜತೆ ಸೆಲ್ಫಿ ತೆಗೆಸಿಕೊಂಡರು!

ರಂಜಿತ

*

ಮುಳಬಾಗಿಲು
2 ಸೆಪ್ಟೆಂಬರ್ 2024

ಪ್ರಿಯ ರಂಜಿತ,

ಯಾರು ಮರೆತುಬಿಡುತ್ತಾರೆ? ಓದುವುದು ನೀನೊಬ್ಬಳೇ ತಾನೆ? ಹೋಗಲಿ. ಒಳಗಿನದು ಬರೆ ಎಂದೆಯಲ್ಲ, ಬರೆಯುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ.

ವಂಶಿಕೃಷ್ಣ ಬೇಡ ಎಂದಲ್ಲ. ಇನ್ಯಾರೋ ಬೇಕು ಎಂದೂ ಅಲ್ಲ. ನನಗೆ ಒಂದು ವರ್ಷ ಒಂದು ಕೋಣೆಯಲ್ಲಿ ಒಬ್ಬಳೇ ಇರಬೇಕು. ಇಷ್ಟೇ. ಕೋಲಾರದಲ್ಲಾದರೂ ಸರಿ. ಬಾಗಿಲಿಗೆ ಒಳಗಿನಿಂದ ಚಿಲಕ, ಹೊರಗಿನಿಂದ ಬೀಗ, ಎರಡೂ ನನ್ನ ಕೈಯಲ್ಲಿ. ಬೆಳಿಗ್ಗೆ ಕಾಫಿ ಕುಡಿದ ಲೋಟ ಸಂಜೆಯವರೆಗೂ ಅಲ್ಲೇ ಬಿದ್ದಿರಬೇಕು, ಯಾರೂ ಕೇಳಬಾರದು. ಭಾನುವಾರ ಮಡಿ ಮೈಲಿಗೆ ಏನೂ ಇಲ್ಲದೆ ಹತ್ತು ಗಂಟೆಯವರೆಗೆ ಹೊದ್ದು ಮಲಗಿರಬೇಕು. ಅಡುಗೆ ಮಾಡಿಕೊಂಡರೆ ಮಾಡಿಕೊಂಡೆ, ಇಲ್ಲದಿದ್ದರೆ ಕಡಲೆಪುರಿ ತಿಂದುಕೊಂಡೆ. ಮಾತು ಬೇಕೆನಿಸಿದಾಗ ಮಾತ್ರ ಮಾತಾಡಬೇಕು.

ಹುಟ್ಟಿದ ಮನೆಯಲ್ಲಿ ಅಜ್ಜಿಯ ಪಕ್ಕ ಮಲಗಿದೆ. ಹಾಸ್ಟೆಲಿನಲ್ಲಿ ನಿನ್ನ ಪಕ್ಕ. ಇನ್ನು ಮುಂದೆ ಗಂಡನ ಪಕ್ಕ. ನಡುವೆ ಒಂದು ವರ್ಷ ಯಾರ ಪಕ್ಕದಲ್ಲೂ ಇಲ್ಲದೆ ಇದ್ದರೆ ಯಾರಿಗೇನು ನಷ್ಟ? ಆ ವರ್ಷ ಮುಗಿಯಲಿ, ನನ್ನ ಲಗ್ನಪತ್ರಿಕೆಯನ್ನು ನಾನೇ ಕೂತು ಬರೆಯುತ್ತೇನೆ.

ಇದು ಸೊಕ್ಕೋ, ಹುಚ್ಚೋ? ನೀನು ಏನಂತೀಯ? ನೀನು ಹೇಳಿದರೆ ನಂಬುತ್ತೇನೆ.

ವಾಣಿ

*

ಹೋಳೂರು
14 ಸೆಪ್ಟೆಂಬರ್ 2024

ವಾಣಿ,

ಕಾಗದ ಸಿಕ್ಕಿತು. ಎಷ್ಟು ಚೆನ್ನಾಗಿ ಬರೆಯುತ್ತೀಯ! ಹುಳುಗಳು ದೊಡ್ಡವಾಗಿವೆ, ಸೊಪ್ಪಿಗೆ ಓಡಾಟ, ಹೆಚ್ಚು ಬರೆಯಲಾಗುತ್ತಿಲ್ಲ. ಪರೀಕ್ಷೆಗೆ ಚೆನ್ನಾಗಿ ಓದು. ಫೋನಿನ ಕಡೆ ಮಾತ್ರ ಹೋಗಬೇಡ, ಕೊಟ್ಟ ಮಾತು ಉಳಿಸಿಕೋ.

ರಂಜಿತ

*

ಮುಳಬಾಗಿಲು
24 ಸೆಪ್ಟೆಂಬರ್ 2024

ರಂಜಿತ,

ನಾನು ಕೇಳಿದ್ದು ಚೆನ್ನಾಗಿ ಬರೆದಿದ್ದೇನಾ ಎಂದಲ್ಲ.

ಈಗ ಪಿತೃಪಕ್ಷ. ಮನೆಯಲ್ಲಿ ಶುಭದ ಮಾತಿಲ್ಲ, ಅಪ್ಪನಿಗೆ ದಿನವೂ ಶ್ರಾದ್ಧದ ಮನೆಗಳು. ವಿಜಯದಶಮಿ ಕಳೆದ ಮೇಲೆ ವಂಶಿಕೃಷ್ಣನ ಮನೆಯವರು ಬಂದು ಲಗ್ನಪತ್ರಿಕೆ ಬರೆಸುವುದೆಂದು ನಿಶ್ಚಯವಾಗಿದೆ. ಅದಕ್ಕೆ ಮೊದಲು ಅಪ್ಪನಿಗೆ ನಾನೇ ಹೇಳಬೇಕು, ಇನ್ನೊಬ್ಬರ ಬಾಯಿಂದ ಅವರ ಕಿವಿಗೆ ಹೋಗಬಾರದು. ಒಂದು ವರ್ಷ ಕೊಡಿ ಎಂದು ಕೇಳಿದರೆ ಅವರು ಇಲ್ಲ ಎನ್ನಲಾರರು ಎಂದು ಒಂದೊಂದು ಸಲ ಅನಿಸುತ್ತದೆ.

ನೀನು ಹೂಂ ಎಂದರೆ ಧೈರ್ಯ ಬರುತ್ತದೆ. ಬೇಡ ಕಣೇ, ಹುಚ್ಚಾಟ ಎಂದರೂ ಸರಿ. ಒಂದು ಸಾಲು ಬರೆ. ಅದು ಬಂದ ಮೇಲೆ ಹೇಳುತ್ತೇನೆ.

ವಾಣಿ

*

ಹೋಳೂರು
3 ಅಕ್ಟೋಬರ್ 2024

ವಾಣಿ ಬಂಗಾರಿ,

ಕೋಪ ಮಾಡಿಕೊಂಡೆಯಾ? ಇಲ್ಲಿಯ ಅವಸ್ಥೆ ಕೇಳಿದರೆ ನಗುತ್ತೀಯ. ಈ ಸಲ ಹುಳುಮನೆ ಸಾಲದೆ ನಡುಮನೆಗೂ ತಟ್ಟೆ ಇಳಿಸಿದ್ದೇವೆ. ಹುಳುಗಳಿಗೆ ಫ್ಯಾನು, ನಮಗೆ ಜಗಲಿ. ಹನ್ನೊಂದು ಜನ ಸಾಲಾಗಿ ಮಲಗುತ್ತೇವೆ, ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರೂ ಬದಲಿಸಬೇಕು. ಸೀರೆ ಉಡುವುದು ಬಚ್ಚಲಲ್ಲಿ, ಅದಕ್ಕೂ ಹೊರಗೆ ಕ್ಯೂ. ಅತ್ತೆಗೆ ಹೇಳಿದರೆ, "ಹುಳ ಒಂದ್ ತಿಂಗ್ಳು ಇರ್ತವೆ, ನೀನೇನ್ ಓಡೋಗ್ತೀಯಾ?" ಅಂತಾರೆ.

ನಿನ್ನ ವಿಷಯ ನಾನೇನು ಹೇಳಲಿ? ನೀನು ಓದಿದವಳು, ನಿನಗೇ ಗೊತ್ತಾಗುತ್ತೆ. ದೇವರು ಒಳ್ಳೆಯದು ಮಾಡಲಿ. ಮುಂದೆ ಏನಾಯಿತು ಎಂದು ತಪ್ಪದೆ ಬರೆ. ಅಪ್ಪನಿಗೆ ಹೇಳಿದ್ದೂ, ಅವರು ಅಂದದ್ದೂ, ಎಲ್ಲ ಬಿಡಿಸಿ ಬರೆ. ಕಾಯುತ್ತಿರುತ್ತೇವೆ.

ರಂಜಿತ

*

ಮುಳಬಾಗಿಲು
9 ಅಕ್ಟೋಬರ್ 2024

ರಂಜಿತ,

ಬಿಡಿಸಿ ಬರೆ ಎಂದಿದ್ದೀಯ. ಬರೆಯುತ್ತೇನೆ.

ಮೊನ್ನೆ ಮಧ್ಯಾಹ್ನ ಪಕ್ಕದ ಬೀದಿಯ ಸುನಂದ ಬಂದಳು. ಅವಳ ಲಗ್ನಪತ್ರಿಕೆ ಎರಡು ವರ್ಷದ ಹಿಂದೆ ನಾನು ಬರೆದದ್ದು. ಒಂದು ಕೈಯಲ್ಲಿ ಅದನ್ನು ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಫೋನು. ಎರಡನ್ನೂ ಅಪ್ಪನ ಎದುರು ಇಟ್ಟು, "ಮಾವಯ್ಯ, ಇದೂ ಅದೂ ಒಂದೇ ಕೈ ಅಲ್ವಾ ನೋಡಿ. ಊರಲ್ಲೆಲ್ಲ ಇದೇ ಮಾತು" ಅಂದಳು. ಫೋನಿನಲ್ಲಿ ನೀನಿದ್ದೆ. ಹಿಂದೆ ಹುಳುಗಳ ತಟ್ಟೆ. 'ಗೆಳತಿಯ ಕಾಗದ: ಭಾಗ ಮೂರು' ಎಂದು ಹೆಸರು. ನನ್ನ ಹೆಸರು ಹೇಳಿಲ್ಲ, ಹುಡುಗನ ಹೆಸರು ಹೇಳಿಲ್ಲ, ಊರು ಹೇಳಿಲ್ಲ, ಅವು ಇದ್ದ ಕಡೆಯೆಲ್ಲ ಹೆಬ್ಬೆರಳು ಇಟ್ಟಿದ್ದೀಯ. ಕಾಗದವನ್ನು ಮಾತ್ರ ಕ್ಯಾಮೆರಾಗೆ ಚೆನ್ನಾಗಿ ತೋರಿಸಿದ್ದೀಯ. ಬಿಳಿ ಹಾಳೆ, ನೀಲಿ ಶಾಯಿ. ಮುಳಬಾಗಿಲಿನಲ್ಲಿ ನನ್ನ ಮುಖ ಗೊತ್ತಿಲ್ಲದವರು ಇದ್ದಾರೆ, ಅಕ್ಷರ ಗೊತ್ತಿಲ್ಲದವರು ಕಡಿಮೆ. ಅದು ನಿನಗೆ ಹೊಳೆಯಲಿಲ್ಲ.

ಅಪ್ಪ ಪೂರ್ತಿ ನೋಡಿದರು. ನೀನು ಓದುತ್ತಾ ಕಣ್ಣೊರೆಸಿಕೊಂಡದ್ದನ್ನೂ ನೋಡಿದರು. "ಚೆನ್ನಾಗಿ ಓದಿದಾಳೆ ಆ ಹುಡುಗಿ" ಎಂದು ಫೋನನ್ನು ಸುನಂದಳಿಗೆ ಕೊಟ್ಟರು. ಅವಳು ಹೋದ ಮೇಲೆ, "ನನಗೇ ಹೇಳಬಹುದಾಗಿತ್ತಲ್ಲಮ್ಮ, ನಾನೇನು ದೂರದಲ್ಲಿದ್ದೀನಾ?" ಅಂದರು. ಹೇಳಬೇಕೆಂದೇ ಇದ್ದೆ ಎಂದೆ. ಮೂರು ಲಕ್ಷ ಜನ ಕೇಳಿಸಿಕೊಂಡ ಮೇಲೆ ಆ ಮಾತಿಗೆ ಬೆಲೆ ಇರಲಿಲ್ಲ. ಅಜ್ಜಿ ಮಾತ್ರ ತೆಲುಗಿನಲ್ಲಿ, "ಒಕ್ಕದಾನಿವೇ ಉಂಟಾವಾ? ಭಯಂ ಲೇದಾ?" ಎಂದು, ಒಬ್ಬಳೇ ಇರಲು ಭಯವಿಲ್ಲವಾ ಎಂದು ಕೇಳಿದರು. ಈ ಮನೆಯಲ್ಲಿ ಆ ಆಸೆಯ ಬಗ್ಗೆ ನನ್ನನ್ನು ಪ್ರಶ್ನೆ ಕೇಳಿದವರು ಅವರೊಬ್ಬರೇ.

ನಿನ್ನೆ ವಂಶಿಕೃಷ್ಣನ ತಾಯಿ ಬಟನ್ ಫೋನಿಗೆ ಕರೆ ಮಾಡಿದರು. "ನಿಮ್ ಹುಡ್ಗಿಗೆ ಒಬ್ಬಳೇ ಇರೋ ಆಸೆ ಅಂತೆ, ನಾವ್ಯಾಕೆ ಅಡ್ಡ ಬರೋಣ ಬಿಡಿ" ಎಂದು ಇಟ್ಟರು. ಆ ವಿಡಿಯೋಗೆ ವಂಶಿಕೃಷ್ಣ ಹೃದಯ ಒತ್ತಿದ್ದನೆಂದು ಸುನಂದ ತೋರಿಸಿದ್ದಳು. ಅಕ್ಷರ ಯಾರದೆಂದು ತಿಳಿಯುವ ಮೊದಲು ಒತ್ತಿದ್ದು. ತಿಳಿದ ಮೇಲೆ ತೆಗೆದಿದ್ದಾನಂತೆ.

ಮೂರು ಮನೆಯವರು ತಮ್ಮ ಲಗ್ನಪತ್ರಿಕೆ ಬೇರೆಯವರ ಕೈಯಲ್ಲಿ ಬರೆಸುತ್ತೇವೆ ಎಂದು ಅಪ್ಪನಿಗೆ ಹೇಳಿ ಕಳಿಸಿದ್ದಾರೆ. ಒಬ್ಬಳೇ ಇರಬೇಕು ಎನ್ನುವವಳ ಕೈಯಲ್ಲಿ ಮದುವೆ ಬರೆಸಬಾರದಂತೆ.

ಇದನ್ನು ಯಾವ ಭಾಗವಾಗಿ ಓದುತ್ತೀಯೋ ಓದಿಕೋ.

ಶ್ರೀವಾಣಿ

*

ಹೋಳೂರು
13 ಅಕ್ಟೋಬರ್ 2024

ವಾಣಿ,

ಎಲ್ಲ ತೆಗೆದುಹಾಕಿದೆ. ಮೂರನ್ನೂ. ದೇವರಾಣೆಗೂ ನಿನ್ನ ಅಕ್ಷರ ಯಾರಿಗಾದರೂ ಗುರುತು ಸಿಗಬಹುದೆಂದು ತಲೆಗೆ ಹೋಗಲಿಲ್ಲ. ಹೆಸರು ಮುಚ್ಚಿದರೆ ಆಯಿತು ಎಂದುಕೊಂಡೆ. ಮೊದಲನೆಯದನ್ನು ಸುಮ್ಮನೆ ಹಾಕಿದ್ದು ಕಣೇ. ಅಷ್ಟು ಜನ ನೋಡಿದ ಮೇಲೆ ನಿಲ್ಲಿಸಲು ಆಗಲಿಲ್ಲ. ಜನ ನಿನ್ನನ್ನು ಎಷ್ಟು ಹೊಗಳಿದರು ಗೊತ್ತಾ? ಕೆಟ್ಟದ್ದು ಒಬ್ಬರೂ ಬರೆದಿಲ್ಲ. ನಿನಗೆ ಒಳ್ಳೆಯದೇ ಆಗುತ್ತಿದೆ ಎಂದುಕೊಂಡೆ.

ನಿಮ್ಮಪ್ಪನ ಕಾಲು ಹಿಡಿಯಲು ಬರಲಾ? ಕ್ಷಮಿಸು.

ರಂಜಿತ

*

ಹೋಳೂರು
4 ನವೆಂಬರ್ 2024

ವಾಣಿ,

ಉತ್ತರ ಬರಲಿಲ್ಲ. ಸೊಣ್ಣಪ್ಪನನ್ನು ದಿನಾ ಕೇಳುತ್ತೇನೆ. "ಬಂದ್ರೆ ನಾನೇ ಕೂಗ್ತೀನಿ ಬಿಡಮ್ಮ" ಅಂತಾನೆ.

ಕಾಗದ ಓದುವುದು ನಿಲ್ಲಿಸಿದ ಮೇಲೆ ಜನ ಬಿಟ್ಟುಹೋದರು. ಮೊದಲು, "ಆ ಗೆಳತಿಗೆ ರೂಮು ಸಿಕ್ಕಿತಾ?" ಎಂದು ಕೇಳುತ್ತಿದ್ದರು. ಈಗ ಕೇಳುವುದೂ ಇಲ್ಲ. ಹುಳುವಿನ ವಿಡಿಯೋಗೆ ಮತ್ತೆ ಆರುನೂರು. ನನಗೆ ಬೇಜಾರಾಗಿದೆ ಎಂದು ಬರೆಯಲು ನಾಚಿಕೆ. ಆದರೆ ಆಗಿದೆ.

ಕ್ಷಮಿಸು.

ರಂಜಿತ

*

ಹೋಳೂರು
1 ಡಿಸೆಂಬರ್ 2024

ವಾಣಿ,

ನಿನ್ನ ಪರೀಕ್ಷೆ ಮುಗಿದಿರಬೇಕು. ಬೈಯುವುದಕ್ಕಾದರೂ ಬರೆ.

ರಂಜಿತ

*

ಕೋಲಾರ
6 ಜನವರಿ 2025

ರಂಜಿತ,

ಗೌರಿಪೇಟೆಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಪಕ್ಕದಲ್ಲೇ ಒಂದು ಶಾಲೆ, ಅಲ್ಲಿ ಕನ್ನಡ ಪಾಠ ಮಾಡುತ್ತೇನೆ. ಅಪ್ಪನೇ ಬಂದು ಕೋಣೆ ನೋಡಿ, ಕಿಟಕಿ ಪೂರ್ವಕ್ಕಿದೆ ಎಂದು ಒಪ್ಪಿದರು. ಇನ್ನೊಂದು ಗಂಡು ಬರುವ ಹಾಗಿಲ್ಲ ಎಂದು ಖಾತ್ರಿಯಾದ ಮೇಲೆ ಒಪ್ಪಿದ್ದು. ಪತ್ರಿಕೆ ಬರೆಯುವ ಕೆಲಸ ಹೋಯಿತು. ಈಗ ಅಪ್ಪ ನಡುಗುವ ಕೈಯಲ್ಲಿ ತಾವೇ ಬರೆಯುತ್ತಾರೆ, ಒಂದಕ್ಕೆ ಎರಡು ದಿನ ಹಿಡಿಯುತ್ತದಂತೆ.

ಮೊದಲ ದಿನ ಅಪ್ಪ ಬಸ್ಸು ಹತ್ತಿದ ಮೇಲೆ ಒಳಗೆ ಬಂದು ಚಿಲಕ ಹಾಕಿದೆ. ಆ ಸದ್ದು ಕೇಳಿ, ತೆಗೆದು ಇನ್ನೊಮ್ಮೆ ಹಾಕಿದೆ.

ನಿನಗೆ ಹೇಳಬಾರದೆಂದಿದ್ದ ಒಂದು ಮಾತಿದೆ. ನೀನು ತೆಗೆದುಹಾಕುವ ಮೊದಲು ಸುನಂದಳ ಫೋನಿನಲ್ಲಿ ಆ ವಿಡಿಯೋದ ಕೆಳಗೆ ಬರೆದದ್ದನ್ನೆಲ್ಲ ಓದಿದೆ. ಸಾವಿರದ ಮೇಲಿತ್ತು. ಮಾಲೂರಿನ ಐವತ್ತೆರಡು ವರ್ಷದ ಒಬ್ಬರು, ನನಗೂ ಇದೇ ಆಸೆ ಇತ್ತು, ನೀನಾದರೂ ಇರಮ್ಮ ಎಂದು ಬರೆದಿದ್ದರು. ಮೈಯೆಲ್ಲ ಉರಿಯುತ್ತಿತ್ತು, ಆದರೂ ಓದುತ್ತಾ ಖುಷಿಯಾಯಿತು. ಇನ್ನೊಂದು, ಇನ್ನೊಂದು ಎಂದು ಓದಿದೆ. ನಿನಗೆ ಯಾಕೆ ನಿಲ್ಲಿಸಲಾಗಲಿಲ್ಲ ಎಂದು ಆಗ ಗೊತ್ತಾಯಿತು. ಹಾಗಾಗಿ ಕ್ಷಮೆ ಕೇಳುತ್ತಾ ಕೂರಬೇಡ, ಅದು ನನಗೆ ಬೇಕಿಲ್ಲ.

ಸಾವಿರ ಜನರ ಮಧ್ಯೆ ನಾನು ಹುಡುಕಿದ್ದು ನಿನ್ನ ಉತ್ತರ. ಅಲ್ಲೂ ಇರಲಿಲ್ಲ. ಕಾಗದ ಬರೆದದ್ದು ನಿನಗೊಬ್ಬಳಿಗೆ, ಉತ್ತರ ಬರೆದದ್ದು ನಿನ್ನನ್ನು ಬಿಟ್ಟು ಎಲ್ಲರೂ. ಸೊಕ್ಕೋ ಹುಚ್ಚೋ ಹೇಳು ಎಂದು ಎರಡು ಸಲ ಕೇಳಿದೆ. ಈಗ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಆದರೂ ಮೂರನೇ ಸಲ ಕೇಳುತ್ತಿದ್ದೇನೆ. ಅದನ್ನು ಓದಿದಾಗ ನಿನಗೆ ಏನನಿಸಿತು?

ವಾಣಿ

*

ಹೋಳೂರು
20 ಜನವರಿ 2025

ವಾಣಿ,

ಹೊಟ್ಟೆ ಉರಿಯಿತು.

ನಿನ್ನ ಕಾಗದ ಓದಿದಾಗ ನಾನು ಹುಳುಮನೆಯಲ್ಲಿದ್ದೆ. ಒಂದು ಕೋಣೆ, ಒಬ್ಬಳೇ, ಎಂದು ಓದಿ, ಅದೇ ಸಾಲನ್ನು ಮತ್ತೆ ಓದಿದೆ. ಅದು ನನ್ನ ಆಸೆ ಕಣೇ. ಅದನ್ನು ನಾನು ಬಾಯಿ ಬಿಟ್ಟು ಹೇಳಿಲ್ಲ, ನನಗೇ ಹೇಳಿಕೊಂಡಿಲ್ಲ. ನಿನಗೆ ಕೇಳಲು ಒಬ್ಬ ಅಪ್ಪನಾದರೂ ಇದ್ದರು. ನಾನು ಯಾರನ್ನು ಕೇಳಲಿ? ಮದುವೆಯಾದವಳು ಒಂದು ವರ್ಷ ಕೊಡಿ ಎಂದರೆ ಅದಕ್ಕೆ ಬೇರೆಯೇ ಹೆಸರಿದೆ.

ನಾನು ವಿಡಿಯೋ ಮಾಡಲು ಯಾಕೆ ಶುರು ಮಾಡಿದೆ ಎಂದು ಯಾರಿಗೂ ಗೊತ್ತಿಲ್ಲ. "ವಿಡಿಯೋ ಮಾಡ್ತಿದೀನಿ, ಯಾರೂ ಬರಬೇಡಿ" ಎಂದು ಹುಳುಮನೆ ಬಾಗಿಲು ಹಾಕಿಕೊಂಡರೆ ಇಪ್ಪತ್ತು ನಿಮಿಷ ಯಾರೂ ಬರುತ್ತಿರಲಿಲ್ಲ. ಎರಡು ನಿಮಿಷ ಮಾತಾಡಿ, ಉಳಿದ ಹದಿನೆಂಟು ನಿಮಿಷ ತಟ್ಟೆಗಳ ಮಧ್ಯೆ ಸುಮ್ಮನೆ ಕೂತಿರುತ್ತಿದ್ದೆ. ಆರುನೂರು ಜನ ಸಾಕಾಗಿತ್ತು. ಆಮೇಲೆ ಅಷ್ಟೊಂದು ಜನ ಬಂದರು, ಆ ಹದಿನೆಂಟು ನಿಮಿಷ ಅವರಿಗೆ ಉತ್ತರ ಬರೆಯಲು ಹೋಯಿತು.

ನಾನು ಕಣ್ಣೊರೆಸಿಕೊಂಡದ್ದನ್ನು ನೋಡಿ, ಎಂಥಾ ಸ್ನೇಹ ಎಂದು ಜನ ಬರೆದರು. ಅಂಥದ್ದನ್ನೆಲ್ಲ ಓದಿ ನಾನೂ ನಂಬಿಬಿಟ್ಟೆ. ಆದರೆ ಆ ಕಣ್ಣೀರು ನಿನಗಾಗಿ ಬಂದದ್ದಲ್ಲ. ನಿನಗೆ ಹೂಂ ಎಂದು ಬರೆಯಲು ಪೆನ್ನು ಹಿಡಿದರೆ ಕೈ ಬರಲಿಲ್ಲ. ಬೇಡ ಎಂದು ಬರೆಯಲು ಮುಖವಿರಲಿಲ್ಲ. ಊರವರೇ ಹೇಳಲಿ ಎಂದು ಓದಿಬಿಟ್ಟೆ.

ಸೊಕ್ಕಲ್ಲ, ಹುಚ್ಚೂ ಅಲ್ಲ. ಇದು ನಿನ್ನ ಪ್ರಶ್ನೆಗೆ ಉತ್ತರ.

ಅಷ್ಟು ಜನ ನಿನಗೆ ಒಳ್ಳೆಯದಾಗಲಿ ಎಂದರು. ನನ್ನಿಂದ ಮನಸಾರೆ ಅನ್ನಲಾಗಲಿಲ್ಲ. ಚಿಲಕವನ್ನು ಎರಡು ಸಲ ಹಾಕಿದೆ ಎಂದು ಬರೆದಿದ್ದೀಯ, ಅದನ್ನು ಓದಿದ ಮೇಲೆ ಈಗಲೂ ಆಗುತ್ತಿಲ್ಲ. ಸುಳ್ಳು ಬರೆಯುವುದಿಲ್ಲ. ಹಾಗೆ ಅನ್ನಲು ಆಗುವ ದಿನ ಹೋಳೂರಿನಿಂದ ಬಸ್ಸು ಹತ್ತಿ ಬರುತ್ತೇನೆ, ಬಂದು ಬಾಗಿಲು ತಟ್ಟುತ್ತೇನೆ. ತೆಗೆಯಬೇಕೋ ಬೇಡವೋ ಆಗ ನೀನು ಯೋಚಿಸು.

ರಂಜಿತ